ಒಂಬತ್ತು ಮೂವತ್ತೆರಡರ ರೈಲು ಮತ್ತು ಲೊರೇನ್ ಸಗ್ಡನ್

ಲೊರೇನ್ ಸಗ್ಡನ್ ಎಂದರೆ ಇಂಗ್ಲೆಂಡಿನ ಆಲ್ಡರ್‌ಶಾದಲ್ಲಿ ಲಾರಿಯವರಿಗೂ ಒಂದು ಬಗೆಯ ಭಯ. ಶಾಲೆಯ ಮುಂದಿನ ಇಳಿಜಾರಿನಲ್ಲಿ ಹಳದಿ ಕೋಟು ತೊಟ್ಟು, ಲಾಲಿಪಾಪಿನಂತೆ ಗುಂಡು ತಲೆಯ ಉದ್ದ ಕೋಲು ಹಿಡಿದು, ಇಪ್ಪತ್ತಾರು ವರ್ಷ ಮಕ್ಕಳನ್ನು ರಸ್ತೆ ದಾಟಿಸಿದವಳು. ಅವಳು ಕೋಲು ನೆಲಕ್ಕೂರಿ ನಿಂತಳೆಂದರೆ ಕಲ್ಲುಗಣಿಯ ಲಾರಿಯೂ ನಿಲ್ಲಬೇಕು, ಮೇಯರ್ ಕಾರೂ ನಿಲ್ಲಬೇಕು. ಒಮ್ಮೆ ಯಾವನೋ ಅವಸರ ಮಾಡಿ ಹಾರ್ನ್ ಒತ್ತಿದ್ದಕ್ಕೆ, ಮಕ್ಕಳೆಲ್ಲ ದಾಟಿದ ಮೇಲೂ ಅವನ ಕಾರಿನ ಮುಂದೆಯೇ ನಿಂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಎರಡೂ ಕಾಲಿನದು.

ಇಂಥ ಹೆಂಗಸಿಗೆ ಹೆದರಿಕೆ ಇದ್ದದ್ದು ಕಾಗದಕ್ಕೆ. ಯಾರಾದರೂ ಒಂದು ಹಾಳೆ ಕೈಗಿಟ್ಟು "ಓದಿ ನೋಡಿ" ಎಂದರೆ ಅವಳ ಅಂಗೈ ಬೆವರುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಷರಗಳು ಅವಳ ಕಣ್ಣ ಮುಂದೆ ಇರುವೆಯ ಹಾಗೆ ಹರಿದಾಡಿದ್ದವು; ಮೇಷ್ಟರು ದಡ್ಡಿ ಎಂದು ಹಿಂದಿನ ಬೆಂಚಿಗೆ ಹಾಕಿದ್ದರು; ಹದಿನೈದಕ್ಕೆ ಶಾಲೆ ಬಿಟ್ಟು ಉಣ್ಣೆಯ ಮಿಲ್ಲಿಗೆ ಸೇರಿದ್ದಳು. ಆಮೇಲೆ ಗಂಡ ಡೆರಿಕ್ ಸಿಕ್ಕ. ಮನೆಗೆ ಬಂದ ಪ್ರತಿ ಪತ್ರವನ್ನೂ ಊಟದ ಮೇಜಿನಲ್ಲಿ ಅವನೇ ಗಟ್ಟಿಯಾಗಿ ಓದುತ್ತಿದ್ದ, ಉತ್ತರವನ್ನೂ ಅವನೇ ಬರೆಯುತ್ತಿದ್ದ, ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಮನೆಯಾಚೆ ಅವಳಿಗೆ ಒಂದೇ ಒಂದು ಮಂತ್ರ ಸಾಕಾಗಿತ್ತು: "ಅಯ್ಯೋ, ಕನ್ನಡಕ ಮರೆತು ಬಂದೆ ನೋಡಿ." ನಿಜ ಹೇಳಬೇಕೆಂದರೆ ಅವಳ ಹತ್ತಿರ ಕನ್ನಡಕವೇ ಇರಲಿಲ್ಲ.

ಡೆರಿಕ್ ತೀರಿಕೊಂಡಾಗ ಅವಳಿಗೆ ಐವತ್ತೆಂಟು. ಅವನು ಹೋದ ಮೇಲೆ ಬಂದ ಪತ್ರಗಳನ್ನೆಲ್ಲ ಒಡೆಯದೆ ಬ್ರೆಡ್ಡಿನ ಡಬ್ಬಿಗೆ ತುರುಕಿದಳು. ಡಬ್ಬಿ ತುಂಬಿ ಮುಚ್ಚಳ ಕೂರದಂತಾದ ದಿನ, ಬ್ರೆಡ್ಡನ್ನು ಎಲ್ಲಿಡುವುದೆಂದು ತಿಳಿಯದೆ ಅಡುಗೆಮನೆಯಲ್ಲಿ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ದೊಡ್ಡವರಿಗೆ ಓದು ಕಲಿಸುವ ತರಗತಿ ಆಲ್ಡರ್‌ಶಾದಲ್ಲೂ ಇತ್ತು. ಆದರೆ ಅದು ಅವಳದೇ ಶಾಲೆಯ ಪಕ್ಕದ ಸಭಾಂಗಣದಲ್ಲಿ. ತಾನು ದಾಟಿಸಿದ ಮಕ್ಕಳ ತಾಯಂದಿರು ನೋಡುವಂತೆ ಅಲ್ಲಿಗೆ ಹೋಗುವುದಕ್ಕಿಂತ ನೀರಿಗೆ ಬೀಳುವುದು ಮೇಲು ಅನ್ನಿಸಿತು. ಹಾಗಾಗಿ ಲೀಡ್ಸ್ ನಗರದ ಒಂದು ವಾಚನಾಲಯದ ಮಹಡಿಯಲ್ಲಿ ಗುರುವಾರ ಗುರುವಾರ ಹತ್ತೂಕಾಲಿಗೆ ಶುರುವಾಗುವ ತರಗತಿಗೆ ಸೇರಿದಳು. ಕಲಿಸುವವಳು ಫೋಲಾ ಎಂಬ ನೈಜೀರಿಯಾ ಮೂಲದ ಹೆಂಗಸು. ದೊಡ್ಡ ನಗು, ಬಿಗಿ ಶಿಸ್ತು.

ಬೆಳಿಗ್ಗೆ ಒಂಬತ್ತರ ತನಕ ಶಾಲೆಯ ಮುಂದೆ ಕೆಲಸ, ಮಧ್ಯಾಹ್ನ ಮೂರಕ್ಕೆ ಮತ್ತೆ ಹಾಜರಿ. ನಡುವೆ ಲೀಡ್ಸಿಗೆ ಹೋಗಿಬರಲು ಇದ್ದದ್ದು ಒಂದೇ ರೈಲು, ಒಂಬತ್ತು ಮೂವತ್ತೆರಡರದು. ಅದರ ಮುಂದಿನದು ಗಂಟೆಯ ನಂತರ; ಅದನ್ನು ಹತ್ತಿದರೆ ಅರ್ಧ ಪಾಠ ಮುಗಿದಿರುತ್ತಿತ್ತು.

ಈ ಒಂಬತ್ತು ಮೂವತ್ತೆರಡರಲ್ಲೇ ಇತ್ತು ಎಡವಟ್ಟು. ಕೆಲಸಕ್ಕೆ ಹೋಗುವವರ ನೂಕುನುಗ್ಗಲು ಮುಗಿದ ಮೇಲೆ, ಅಂದರೆ ಒಂಬತ್ತೂವರೆಯ ನಂತರ ಹೊರಡುವ ರೈಲುಗಳಿಗೆ ಆಫ್‌ಪೀಕ್ ಎಂಬ ಅಗ್ಗದ ಟಿಕೆಟ್ಟು. ಅದಕ್ಕೆ ಮೊದಲಿನ ರೈಲುಗಳಿಗೆ ಹೆಚ್ಚುಕಡಿಮೆ ಎರಡರಷ್ಟು ದರ. ಲೊರೇನಳ ರೈಲು ಅಗ್ಗದ ರೈಲೇ. ಆದರೆ ಆಲ್ಡರ್‌ಶಾದ ಟಿಕೆಟ್ ಕಿಟಕಿ ಮುಚ್ಚಿ ಮೂರು ವರ್ಷವಾಗಿತ್ತು. ಇದ್ದದ್ದು ಒಂದನೇ ಪ್ಲಾಟ್‌ಫಾರಂನ ಒಂದು ಯಂತ್ರ. ಆ ಯಂತ್ರ ಒಂಬತ್ತೂವರೆ ಹೊಡೆಯುವ ತನಕ ಅಗ್ಗದ ಟಿಕೆಟನ್ನು ತೋರಿಸುತ್ತಲೇ ಇರಲಿಲ್ಲ. ಹಿಂದಿನ ದಿನವೇ ಕೊಳ್ಳೋಣವೆಂದರೆ ನಾಳೆಯ ಟಿಕೆಟ್ ಅದು ಕೊಡುತ್ತಿರಲಿಲ್ಲ. ಒಂಬತ್ತೂವರೆಗೆ ಅದು ಮನಸ್ಸು ಬದಲಿಸಿದಾಗ ಕೈಯಲ್ಲಿ ಉಳಿಯುತ್ತಿದ್ದದ್ದು ಎರಡು ನಿಮಿಷ. ಗುರುವಾರ ಅದರ ಮುಂದೆ ಏಳೆಂಟು ಜನ. ರೈಲು ಬರುತ್ತಿದ್ದದ್ದು ಮೇಲ್ಸೇತುವೆಯಾಚೆಯ ಎರಡನೇ ಪ್ಲಾಟ್‌ಫಾರಂಗೆ.

ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವನು ಕ್ಲಿಫರ್ಡ್ ಬೂತ್, ಎಪ್ಪತ್ತು ದಾಟಿದ ನಿವೃತ್ತ ಬಸ್ ಚಾಲಕ. ಅವನ ಹಿಂದೆ ಶಮೀಮ್, ಲೀಡ್ಸಿನಲ್ಲಿರುವ ಮಗಳ ಮನೆಗೆ ವಾರವಾರವೂ ಬುತ್ತಿ ಹೊತ್ತು ಹೋಗುವವಳು. ಒಂದು ಗುರುವಾರ ಕ್ಲಿಫರ್ಡ್ ಉಪಾಯ ಹೂಡಿದ.

"ಎಲ್ಲಾರೂ ದುಡ್ಡು ನನ್ನ ಕೈಲಿ ಕೊಡಿ. ಒಂದೇ ಸಲಕ್ಕೆ ಎಂಟೂ ಜನಕ್ಕೆ ತಗೊಂಡ್ಬಿಡ್ತೀನಿ. ಯಂತ್ರಕ್ಕೇನು, ಒಂದಾದ್ರೂ ಅಷ್ಟೇ, ಎಂಟಾದ್ರೂ ಅಷ್ಟೇ."

ಯಂತ್ರಕ್ಕೆ ಅಷ್ಟೇ ಆಗಿರಲಿಲ್ಲ. ಹೋಗಲೊಂದು, ಬರಲೊಂದು, ತಲೆಗೆರಡರಂತೆ ಹದಿನಾರು ಚೀಟಿಗಳನ್ನು ಅದು ಒಂದೊಂದಾಗಿ, ಉಸಿರು ತೆಗೆದುಕೊಂಡು, ಉಗುಳತೊಡಗಿತು. ಹತ್ತನೆಯದು ಹೊರಗೆ ಇಣುಕುವಾಗ ಎದುರುಗಡೆ ರೈಲು ಬಂದು, ನಿಂತು, ಹೋಯಿತು.

"ಬಸ್ ಓಡಿಸ್ತಿದ್ದಾಗ ನೀವು ಹಿಂಗೇ ಜನರನ್ನ ಬಿಟ್ಟು ಹೋಗ್ತಿದ್ರಾ?" ಎಂದಳು ಶಮೀಮ್.

"ನಾನು ಬಿಟ್ಟು ಹೋಗ್ತಿದ್ದೆ ಕಣಮ್ಮ, ನನ್ನನ್ನೇ ಬಿಟ್ಟು ಹೋಗಿದ್ದು ಇದೇ ಮೊದ್ಲು," ಎಂದ ಕ್ಲಿಫರ್ಡ್.

ಹಳೆಯ ಕಂಡಕ್ಟರ್ ನಾರ್ಮನ್ ಇರುವ ತನಕ ಇದೆಲ್ಲ ನಡೆದುಹೋಗುತ್ತಿತ್ತು. ಟಿಕೆಟ್ಟಿಲ್ಲದೆ ಓಡಿಬಂದು ಹತ್ತಿದವರಿಗೆ ಅವನು ರೈಲಿನಲ್ಲೇ ಅಗ್ಗದ ಟಿಕೆಟ್ ಹರಿದುಕೊಡುತ್ತಿದ್ದ. ಅವನು ನಿವೃತ್ತನಾದ. ಹೊಸ ವರ್ಷಕ್ಕೆ ರೈಲಿನವರು ನೀಲಿ ಕೋಟಿನ ತನಿಖೆಯವರನ್ನು ಹತ್ತಿಸಿದರು. ಟಿಕೆಟ್ ಮಾರುವುದು ಅವರ ಕೆಲಸವಲ್ಲ. ದಂಡ ಹಾಕುವುದು ಅವರ ಕೆಲಸ.

ಫೆಬ್ರವರಿ ಕೊನೆಯ ಗುರುವಾರ ಕ್ಲಿಫರ್ಡನಿಗೆ ಟಿಕೆಟ್ ಸಿಕ್ಕಿತು, ಶಮೀಮಳಿಗೂ ಸಿಕ್ಕಿತು. ಲೊರೇನ್ ಯಂತ್ರದ ಮುಂದೆ ನಿಂತಾಗ ರೈಲು ತಿರುವಿನಲ್ಲಿ ಕಾಣಿಸಿತು. ಹೋದ ವಾರವೂ ಪಾಠ ತಪ್ಪಿಹೋಗಿತ್ತು. ಅವಳು ಯಂತ್ರವನ್ನು ಬಿಟ್ಟು ಸೇತುವೆ ಹತ್ತಿ ಓಡಿದಳು.

ಎರಡು ನಿಲ್ದಾಣ ಕಳೆದ ಮೇಲೆ ತನಿಖೆಯವನು ಬಂದ. ಎದೆಯ ಮೇಲಿನ ಬಿಲ್ಲೆಯಲ್ಲಿ ಡೀನ್ ಪಿಕಲ್ಸ್ ಎಂದು ಬರೆದಿತ್ತು. ಲೊರೇನ್ ಅದನ್ನು ಮನಸ್ಸಿನಲ್ಲೇ ಓದಿದಳು. ಓದಲು ಬಂದದ್ದಕ್ಕೆ ಆ ಗಡಿಬಿಡಿಯಲ್ಲೂ ಒಳಗೊಳಗೇ ಹಿಗ್ಗಾಯಿತು. ಟಿಕೆಟ್ಟಿನ ಹಣ ಕೈಯಲ್ಲಿ ಹಿಡಿದೇ ಕುಳಿತಿದ್ದಳು.

"ಯಂತ್ರದ ಹತ್ರ ನಿಂತಿದ್ದೆ, ಸಮಯ ಸಾಕಾಗಲಿಲ್ಲ. ತಗೊಳ್ಳಪ್ಪ, ಲೀಡ್ಸಿಗೆ ಆಫ್‌ಪೀಕ್, ಹೋಗಿಬರೋದಕ್ಕೆ."

"ಟಿಕೆಟ್ ಇಲ್ದೆ ಹತ್ತಿದ್ದೀರ ಮೇಡಂ. ದಂಡ ಆಗುತ್ತೆ."

"ಯಂತ್ರ ಟಿಕೆಟ್ ಕೊಟ್ಟಿದ್ರೆ ತಗೋತಿದ್ದೆ."

"ಯಂತ್ರದಲ್ಲಿ ಪೂರ್ತಿ ದರದ ಟಿಕೆಟ್ ಬೆಳಗ್ಗೆ ಐದರಿಂದಲೂ ಇರುತ್ತೆ. ಅದನ್ನ ತಗೋಬಹುದಿತ್ತು."

"ಇದು ಅಗ್ಗದ ರೈಲು ತಾನೆ?"

"ಹೌದು."

"ಅಗ್ಗದ ರೈಲಿಗೆ ನಾನ್ಯಾಕೆ ದುಬಾರಿ ಟಿಕೆಟ್ ತಗೋಬೇಕು? ಕುರಿಮಾಂಸದ ಅಂಗಡಿಗೆ ಹೋಗಿ ಖೀಮಾ ಕೇಳಿದ್ರೆ, 'ಖೀಮಾ ಇನ್ನೆರಡು ನಿಮಿಷಕ್ಕೆ ಬರುತ್ತೆ, ಅಲ್ಲೀತನಕ ತೊಡೆ ತಗೊಳ್ಳಿ' ಅಂತಾರಾ?"

ಹಿಂದಿನ ಸೀಟಿನಿಂದ ಕ್ಲಿಫರ್ಡ್ ಕೆಮ್ಮಿದ. ಡೀನ್ ಪಿಕಲ್ಸ್‌ನ ಕಿವಿ ಕೆಂಪಾದವು. ಅವನು ಚೀಟಿ ಬರೆದು, ಪೆನ್ನಿನ ಜೊತೆ ಅವಳತ್ತ ಚಾಚಿದ. "ಇಲ್ಲಿ ಕೆಳಗೆ ಸಹಿ ಮಾಡಿ."

ಹಳೆಯ ಮಂತ್ರ ನಾಲಿಗೆಯ ತುದಿಗೆ ಬಂತು. ಕನ್ನಡಕ ಮರೆತು ಬಂದೆ ಎಂದರೆ ಅವನೇ ಜಾಗ ತೋರಿಸುತ್ತಿದ್ದ, ಅವಳು ಗೀಚಿ ಕೊಟ್ಟುಬಿಡುತ್ತಿದ್ದಳು. ನಲವತ್ತು ವರ್ಷ ಹಾಗೆಯೇ ಮಾಡಿದ್ದಳು. ಈ ಸಲ ಅದನ್ನು ನುಂಗಿಕೊಂಡಳು.

"ಓದದೆ ಸಹಿ ಮಾಡಲ್ಲ," ಎಂದಳು.

"ಓದಿ."

ಲೊರೇನ್ ಚೀಟಿಯನ್ನು ಮಡಿಲ ಮೇಲೆ ಹರಡಿಕೊಂಡಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಒಂದೊಂದೇ ಪದ, ತುಟಿ ಅಲ್ಲಾಡಿಸುತ್ತ, ಗೊತ್ತಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ. ಒಂದು ನಿಲ್ದಾಣ ಬಂತು, ಹೋಯಿತು. ಡೀನ್ ಪಿಕಲ್ಸ್ ಕಾಲು ಬದಲಿಸಿ ನಿಂತ.

"ಬರೀ ಸಾಮಾನ್ಯ ವಿವರ ಮೇಡಂ ಅದು."

"ಹಾಗಂತ ಎಲ್ಲಿ ಬರೆದಿದೆ? ಆ ಸಾಲಿಗೆ ನಾನಿನ್ನೂ ಬಂದಿಲ್ಲ."

ಮುಂಭಾಗ ಮುಗಿಯುವ ಹೊತ್ತಿಗೆ ಇನ್ನೊಂದು ನಿಲ್ದಾಣ. ಅವಳು ಚೀಟಿ ತಿರುಗಿಸಿದಳು. ಹಿಂದೆ ಇನ್ನೂ ಸಣ್ಣ ಅಕ್ಷರ. ಅವನು ನಿಡುಸುಯ್ದ. ಬೋಗಿಯೊಳಗಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು, ಟಿಕೆಟ್ ಇಲ್ಲದ ಇನ್ನಿಬ್ಬರು ಕುಳಿತಲ್ಲೇ ಕುಗ್ಗಿದರು, ಅವರ ಬಳಿ ಹೋಗಲು ಅವನಿಗೆ ಪುರುಸೊತ್ತೇ ಆಗಲಿಲ್ಲ. ಲೀಡ್ಸ್ ಬಂದಾಗ ಅವಳು ಕೊನೆಯ ಸಾಲು ಮುಗಿಸಿ ಪೆನ್ನನ್ನು ವಾಪಸು ಕೊಟ್ಟಳು.

"'ತಪ್ಪೊಪ್ಪಿಕೊಂಡಿದ್ದೇನೆ' ಅಂತ ಬರೆದಿದೆ. ನಾನು ಒಪ್ಪಿಕೊಂಡಿಲ್ಲ. ಸಹಿ ಇಲ್ಲ."

ಆ ದಿನ ಫೋಲಾ ಪಾಠ ಬದಿಗಿಟ್ಟು ಚೀಟಿಯನ್ನು ಮೇಜಿನ ನಡುವೆ ಇಟ್ಟಳು. "ಇಗೋ, ಇದಕ್ಕಿಂತ ಒಳ್ಳೆ ಪಠ್ಯಪುಸ್ತಕ ಎಲ್ಲಿ ಸಿಗುತ್ತೆ?" ಎಂದು ನಕ್ಕಳು. ಮುಂದಿನ ವಾರ ರೈಲಿನವರ ನಿಯಮಗಳ ಪುಸ್ತಿಕೆಯನ್ನು ಅಚ್ಚು ಹಾಕಿಸಿ ತಂದಳು. ಅರವತ್ತು ಚಿಲ್ಲರೆ ಪುಟ. ಲೊರೇನ್ ಅದನ್ನು ಮನೆಗೊಯ್ದು ದಿನಕ್ಕೆರಡು ಪುಟದಂತೆ ಓದತೊಡಗಿದಳು. ತಿಳಿಯದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಗುರುವಾರ ಕೇಳುತ್ತಿದ್ದಳು. ನಡುವೆ ಟಿಕೆಟ್ಟಿನ ಸರಿಯಾದ ಹಣವನ್ನು ಅಂಚೆಯಲ್ಲಿ ಕಳಿಸಿದಳು, ಜೊತೆಗೆ ನಾಲ್ಕು ಸಾಲಿನ ಪತ್ರ. ಅವಳು ಜೀವಮಾನದಲ್ಲಿ ಬರೆದ ಮೊದಲ ಪತ್ರ ಅದು. ಹಣ ಹಾಗೆಯೇ ವಾಪಸು ಬಂತು. ಅದರ ಬೆನ್ನಿಗೆ ದಂಡ ಏರಿದ ನೋಟೀಸು, ಅದರ ಬೆನ್ನಿಗೆ ಕೋರ್ಟಿನ ಕರೆ.

ನಲವತ್ತೊಂದನೇ ಪುಟದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಪ್ರಯಾಣ ಶುರುಮಾಡಿದ ನಿಲ್ದಾಣದಲ್ಲಿ, ಆ ಪ್ರಯಾಣಕ್ಕೆ ತಕ್ಕ ಟಿಕೆಟ್ ಕೊಳ್ಳಲು ಸಮಂಜಸವಾದ ಅವಕಾಶ ಇರದಿದ್ದರೆ ದಂಡ ವಿಧಿಸತಕ್ಕದ್ದಲ್ಲ. 'ಸಮಂಜಸ' ಎಂಬ ಪದದ ಮೇಲೆ ಅವಳು ಅರ್ಧ ಗಂಟೆ ಗುದ್ದಾಡಿದಳು. ಅದು ಅರ್ಥವಾದಾಗ ಎದ್ದು ಚಹಾಕ್ಕೆ ನೀರಿಟ್ಟು, ನೀರು ಕುದಿಯುವ ತನಕ ಆ ಸಾಲನ್ನು ಗಟ್ಟಿಯಾಗಿ, ಮತ್ತೆ ಮತ್ತೆ, ಖಾಲಿ ಅಡುಗೆಮನೆಗೆ ಓದಿ ಹೇಳಿದಳು.

ಕೋರ್ಟಿನ ದಿನ ಕ್ಲಿಫರ್ಡ್ ಟೈ ಕಟ್ಟಿಕೊಂಡು ಬಂದ. ಶಮೀಮ್ ಸಮೋಸ ತಂದಿದ್ದಳು. ಇಬ್ಬರಿಗೂ ಲೊರೇನ್ ಗುರುವಾರ ಲೀಡ್ಸಿಗೆ ಯಾಕೆ ಹೋಗುತ್ತಾಳೆಂದು ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ "ಸ್ವಲ್ಪ ಕೆಲಸ ಇದೆ" ಎಂದು ಮಾತು ಹಾರಿಸಿದ್ದಳು.

ಕರೆಯುವ ಮೊದಲು ರೈಲಿನವರ ವಕೀಲ ಕೋರ್ಟಿನ ಮೊಗಸಾಲೆಯಲ್ಲೇ ಅವಳ ಬಳಿ ಬಂದ. ಮೆದುಮಾತಿನ ಮನುಷ್ಯ.

"ಮಿಸೆಸ್ ಸಗ್ಡನ್, ಇದಕ್ಕೆಲ್ಲ ಯಾಕೆ ಇಷ್ಟು ತೊಂದರೆ ತಗೋತೀರಿ? ಟಿಕೆಟ್ ದುಡ್ಡು, ಮೇಲೆ ಖರ್ಚಿಗೆ ಅಂತ ಒಂದಿಷ್ಟು. ಕಟ್ಟಿಬಿಡಿ, ಕೇಸು ವಾಪಸ್ ತಗೋತೀವಿ. ಮಧ್ಯಾಹ್ನಕ್ಕೆ ಮನೇಲಿರ್ತೀರಿ."

"ಟಿಕೆಟ್ ದುಡ್ಡು ಆಗಲೇ ಕಳಿಸಿದ್ದೆ. ನೀವೇ ವಾಪಸ್ ಕಳಿಸಿದ್ರಿ."

"ಅದು ಬೇರೆ ವಿಷಯ. ಸೋತರೆ ನಿಮ್ಮ ಹೆಸರ ಮುಂದೆ ಅಪರಾಧ ಅಂತ ದಾಖಲಾಗುತ್ತೆ. ಶಾಲೆ ಮುಂದೆ ಕೆಲಸ ಮಾಡೋರು ನೀವು. ಯೋಚ್ನೆ ಮಾಡಿ."

ಆ ಕೆಲಸ ಹೋದರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಶಮೀಮ್ ಅವಳ ತೋಳು ಹಿಡಿದು, "ಕಟ್ಟಿಬಿಡು ಲೊರೇನ್, ನಾವೆಲ್ಲ ಸೇರಿ ಕೊಡ್ತೀವಿ," ಎಂದು ಪಿಸುಗುಟ್ಟಿದಳು.

"ನಾನೇನು ಕದ್ದಿದ್ದೀನಾ?" ಎಂದಳು ಲೊರೇನ್. ವಕೀಲನತ್ತ ತಿರುಗಿ, "ಯೋಚ್ನೆ ಮಾಡಿದೆ. ಒಳಗೆ ಹೋಗೋಣ ನಡೀರಿ," ಎಂದಳು.

ಒಳಗೆ ಮೂವರು ಮ್ಯಾಜಿಸ್ಟ್ರೇಟರು. ನಡುವೆ ಕುಳಿತ ಬಿಳಿಗೂದಲಿನ ಹೆಂಗಸು ಪೆನ್ನಿನ ಮುಚ್ಚಳ ತೆಗೆಯುತ್ತ ಮುಚ್ಚುತ್ತ ಕೇಳಿಸಿಕೊಳ್ಳುತ್ತಿದ್ದರು. ವಕೀಲ ತನ್ನ ಮೆದುಮಾತಿನಲ್ಲೇ ಒಂದೊಂದಾಗಿ ಇಟ್ಟ. ಯಂತ್ರ ಕೆಟ್ಟಿರಲಿಲ್ಲ. ಪೂರ್ತಿ ದರದ ಟಿಕೆಟ್ ಇತ್ತು. ಫೋನಿನಲ್ಲಿ ಯಾವಾಗ ಬೇಕಾದರೂ ಕೊಳ್ಳಬಹುದಿತ್ತು.

"ನಿಮ್ಮ ಹತ್ರ ಫೋನ್ ಇದೆಯಲ್ವಾ?"

"ಇದೆ. ಗುಂಡಿ ಒತ್ತಿ ಮಾತಾಡೋದು. ಅದ್ರಲ್ಲಿ ಟಿಕೆಟ್ ಬರಲ್ಲ. ಬೇರೆ ಫೋನ್ ಇಟ್ಕೊಂಡಿರಲೇಬೇಕು ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಲ್ಲ. ನಾನು ಎಲ್ಲಾ ಪುಟಾನೂ ನೋಡಿದ್ದೀನಿ."

"ಹಾಗಿದ್ರೆ ಹತ್ತು ಮೂವತ್ತೆರಡರ ರೈಲಿಗೆ ಹೋಗಬಹುದಿತ್ತು. ಅದಕ್ಕೆ ಟಿಕೆಟ್ ಕೊಳ್ಳಲು ನಿಮಗೆ ಒಂದು ಗಂಟೆ ಸಮಯ ಇತ್ತು. ಆ ಇನ್ನೊಂದು ರೈಲು ಆಗದೇ ಇರುವಂಥ ಅವಸರ ಏನಿತ್ತು?"

"ಹತ್ತೂಕಾಲಿಗೆ ನಾನು ಅಲ್ಲಿರಬೇಕು."

"ಎಲ್ಲಿ?"

ಲೊರೇನ್ ಹಿಂದಕ್ಕೆ ತಿರುಗಿ ನೋಡಿದಳು. ನಡುವಿನ ಹೆಂಗಸು ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದರು. "ಹೇಳಲೇಬೇಕು ಅಂತಿಲ್ಲ ಮಿಸೆಸ್ ಸಗ್ಡನ್. ಆದ್ರೆ ಹೇಳಿದ್ರೆ ನಮಗೆ ಅನುಕೂಲ."

ಹಿಂದೆ ಕ್ಲಿಫರ್ಡ್ ಇದ್ದ, ಶಮೀಮ್ ಇದ್ದಳು, ಮೂಲೆಯಲ್ಲಿ ಪತ್ರಿಕೆಯವನೊಬ್ಬ ಬರೆದುಕೊಳ್ಳುತ್ತಿದ್ದ. ಐದು ದಶಕ ಬಚ್ಚಿಟ್ಟದ್ದನ್ನು ಇವರೆಲ್ಲರ ಮುಂದೆ ಹೇಳಬೇಕಿತ್ತು. ಸುಳ್ಳೊಂದು ಹೇಳಿಬಿಡಬಹುದಿತ್ತು, ವೈದ್ಯರು, ತಂಗಿ, ಏನಾದರೊಂದು. ಆದರೆ ಸುಳ್ಳು ಹೇಳಿದರೆ ಈ ಮೆದುಮಾತಿನವನ ಮುಂದೆ ನಿಜವಾಗಿಯೂ ಕಳ್ಳಿಯಾದಂತೆ ಅನ್ನಿಸಿತು. ರಸ್ತೆಯ ನಡುವೆ ನಿಲ್ಲುವ ಹಾಗೆ ಎರಡು ಕಾಲನ್ನೂ ಅಗಲಿಸಿ ನಿಂತಳು.

"ಓದೋದು ಕಲಿಯೋಕೆ," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ನಂಗೆ ಓದೋಕೆ ಬರ್ತಿರಲಿಲ್ಲ. ಐವತ್ತೆಂಟು ವರ್ಷ ಬರ್ತಿರಲಿಲ್ಲ. ಹತ್ತೂಕಾಲಿಗೆ ಪಾಠ ಶುರುವಾಗುತ್ತೆ. ಒಂದು ದಿನ ತಪ್ಪಿದ್ರೆ ನಾನು ಎರಡು ವಾರ ಹಿಂದೆ ಬೀಳ್ತೀನಿ. ಈಗ ಸ್ವಲ್ಪ ಬರುತ್ತೆ. ನಲವತ್ತೊಂದನೇ ಪುಟ ಓದಲಾ?"

ಯಾರೂ ಬೇಡವೆನ್ನಲಿಲ್ಲ. ಅವಳು ಪುಸ್ತಿಕೆ ತೆರೆದು ಬೆರಳಿಟ್ಟು ಓದಿದಳು. ನಿಧಾನ, ಆದರೆ ಎಲ್ಲೂ ಎಡವಲಿಲ್ಲ. 'ಸಮಂಜಸ'ದ ಹತ್ತಿರ ಮಾತ್ರ ಒಂದು ಉಸಿರು ಹೆಚ್ಚು ತೆಗೆದುಕೊಂಡಳು. ಓದಿ ಮುಗಿಸಿ ವಕೀಲನನ್ನು ನೋಡಿದಳು.

"ಎರಡು ನಿಮಿಷ, ಎಂಟು ಜನ, ಒಂದು ಸೇತುವೆ. ನೀವೇ ಒಂದಿನ ಬಂದು ನಿಂತು ನೋಡಿ, ಸಮಂಜಸವಾ ಅಂತ. ನಾನು ಜಾಗ ಹಿಡಿದಿಟ್ಟಿರ್ತೀನಿ."

ಮೂವರೂ ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದರು. ತಪ್ಪಿಲ್ಲ, ದಂಡವಿಲ್ಲ ಎಂದರು.

ಹೊರಗೆ ಮೆಟ್ಟಿಲ ಮೇಲೆ ಕ್ಲಿಫರ್ಡ್ ಟೈ ಸಡಿಲಿಸಿದ. "ಲೀಡ್ಸಲ್ಲಿ ನೀನು ಯಾವನನ್ನೋ ಇಟ್ಕೊಂಡಿದ್ದೀಯ ಅಂತ ನಾವು ವರ್ಷದಿಂದ ಮಾತಾಡ್ಕೋತಿದ್ವಲ್ಲೇ! ಮೀಸೆ ಇರೋನು ಅಂತ ನಾನು, ಇಲ್ಲದವನು ಅಂತ ಶಮೀಮು."

"ನಾಚಿಕೆ ಆಗಲ್ವಾ ನಿಮಗೆ?" ಎಂದು ಶಮೀಮ್ ಗದರಿದಳು. ಆಮೇಲೆ ಲೊರೇನಳ ಕೈಗೆ ಸಮೋಸವಿಟ್ಟು, ಬೇರೆ ಕಡೆ ನೋಡುತ್ತ ಹೇಳಿದಳು: "ನಮ್ಮಮ್ಮ ಈ ದೇಶಕ್ಕೆ ಬಂದಾಗ ಅಂಗಡಿ ಹೆಸರು ಓದೋಕೆ ಬರದೆ ಬಾಗಿಲಿನ ಬಣ್ಣ ನೆನಪಿಟ್ಕೊಂಡು ಓಡಾಡ್ತಿದ್ಲು. ಬಾಗಿಲಿಗೆ ಬೇರೆ ಬಣ್ಣ ಬಳಿದುಬಿಟ್ರೆ ದಾರಿ ತಪ್ಪೋದು."

ವಿಷಯ ಶನಿವಾರದ ಪತ್ರಿಕೆಯಲ್ಲಿ ಬಂತು, ಅವಳ ಹೆಸರು, ಶಾಲೆಯ ಹೆಸರು, ಓದಲು ಬಾರದ್ದು, ಎಲ್ಲ. ಅವಳು ಅದನ್ನು ತಾನೇ ಓದಿಕೊಂಡಳು. ಸೋಮವಾರ ಬೆಳಿಗ್ಗೆ ಹಳದಿ ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಹುಷಾರಿಲ್ಲ ಎಂದು ಹೇಳಿ ಕಳಿಸೋಣವೇ ಎಂದೂ ಒಂದು ಗಳಿಗೆ ಅನ್ನಿಸಿತು. ಹೋದಳು. ಇಬ್ಬರು ತಾಯಂದಿರು ಏನೋ ಪಿಸುಗುಟ್ಟಿ ನಕ್ಕರು. ಲೊರೇನ್ ಅವರನ್ನು ನಡುರಸ್ತೆಯಲ್ಲಿ ನಿಲ್ಲಿಸಿ, "ಏನ್ರಮ್ಮಾ, ಗಟ್ಟಿಯಾಗಿ ಹೇಳಿ. ಓದೋಕೆ ನಿಧಾನ ನಾನು, ಕಿವಿ ಚುರುಕಾಗಿದೆ," ಎಂದಳು. ಅವರು ತಲೆ ತಗ್ಗಿಸಿ ದಾಟಿದರು.

ಮಕ್ಕಳೆಲ್ಲ ಒಳಗೆ ಹೋದ ಮೇಲೆ ಕಲ್ಲುಗಣಿಯ ಲಾರಿಯವನೊಬ್ಬ ಗಾಡಿ ಬದಿಗೆ ನಿಲ್ಲಿಸಿ ಇಳಿದ. ಕ್ರೇಗ್ ಎಂಬ ದೈತ್ಯ. ಅವನ ಮಗಳು ಮೂರನೇ ತರಗತಿ. ಸುತ್ತಮುತ್ತ ನೋಡಿ, ಟೋಪಿ ತೆಗೆದು ಕೈಯಲ್ಲಿ ತಿರುವುತ್ತ ನಿಂತ.

"ಆ ಲೀಡ್ಸ್ ಪಾಠ... ಗಂಡಸರನ್ನೂ ಸೇರಿಸ್ಕೋತಾರಾ?"

"ನಿನಗಾ?"

"ನನ್ನ ಸ್ನೇಹಿತನಿಗೆ."

ಲೊರೇನ್ ಅವನ ಮುಖ ನೋಡಿದಳು. ನಗಲಿಲ್ಲ. "ನಿನ್ನ ಸ್ನೇಹಿತನಿಗೆ ಹೇಳು, ಗುರುವಾರ ಒಂಬತ್ತೂ ಇಪ್ಪತ್ತಕ್ಕೆ ನಿಲ್ದಾಣಕ್ಕೆ ಬರ್ಲಿ ಅಂತ. ಟಿಕೆಟ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡ ಅನ್ನು."

ಆ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರ ಬಂದ, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು.

ಯಂತ್ರ ಮಾತ್ರ ಮೊದಲಿನಂತೆಯೇ ಇತ್ತು. ಸಾಲಿನವರು ಈಗ ಅದರ ಮುಂದೆ ಒದ್ದಾಡುವುದನ್ನು ಬಿಟ್ಟರು. ನೇರವಾಗಿ ಸೇತುವೆ ದಾಟಿ ಹೋಗಿ ರೈಲು ಹತ್ತಿ, ಹಣ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಡೀನ್ ಪಿಕಲ್ಸ್ ಬಂದರೆ ಎಂಟೂ ಜನ ಒಟ್ಟಿಗೆ, "ನಲವತ್ತೊಂದನೇ ಪುಟ!" ಎನ್ನುತ್ತಿದ್ದರು. ಎರಡು ವಾರ ಅವನು ಚೀಟಿ ಪುಸ್ತಕ ತೆಗೆದು, ಲೊರೇನಳನ್ನು ನೋಡಿ, ಒಳಗಿಟ್ಟುಕೊಂಡ. ಮೂರನೇ ವಾರ ಅವನ ಸೊಂಟದಲ್ಲಿ ಟಿಕೆಟ್ ಮಾರುವ ಸಣ್ಣ ಯಂತ್ರ ತೂಗುತ್ತಿತ್ತು.

"ಮೇಲಿನವರನ್ನ ಕೇಳಿ ಇಸ್ಕೊಂಡೆ," ಎಂದ ಅವನು, ಯಾರ ಮುಖವನ್ನೂ ನೋಡದೆ. "ಲೀಡ್ಸಿಗೆ ಆಫ್‌ಪೀಕ್ ತಾನೆ?"

ಲೊರೇನ್ ರೈಲಿನವರಿಗೆ ಬರೆಯುವುದನ್ನು ನಿಲ್ಲಿಸಲಿಲ್ಲ. ಒಂಬತ್ತೂವರೆಯ ರೈಲಿಗೆ ಒಂಬತ್ತಕ್ಕೇ ಟಿಕೆಟ್ ಕೊಟ್ಟರೆ ಯಂತ್ರಕ್ಕೇನು ನಷ್ಟ ಎಂದು ಒಟ್ಟು ಐದು ಪತ್ರ ಬರೆದಳು. ನಾಲ್ಕಕ್ಕೆ ಒಂದೇ ಉತ್ತರ ಬಂತು, ತಾರೀಖು ಮಾತ್ರ ಬೇರೆ. ಐದನೆಯದಕ್ಕೆ ಉತ್ತರವೇ ಬರಲಿಲ್ಲ. ಆದರೆ ಅಕ್ಟೋಬರ್ ತಿಂಗಳ ಒಂದು ಗುರುವಾರ, ಯಾವ ಸೂಚನೆಯೂ ಇಲ್ಲದೆ, ಯಂತ್ರ ಒಂಬತ್ತೂ ಐದಕ್ಕೇ ಅಗ್ಗದ ಟಿಕೆಟ್ ತೋರಿಸಿತು. ಯಾರೋ ಮರೆತು ಮಾಡಿರಬೇಕು ಎಂದ ಕ್ಲಿಫರ್ಡ್. ಮುಂದಿನ ವಾರವೂ ಹಾಗೆಯೇ ತೋರಿಸಿತು.

ಟಿಕೆಟ್ ಕೈಗೆ ಬಂದ ಮೇಲೆ ಅವರಿಗೆ ರೈಲಿಗೆ ಇಪ್ಪತ್ತು ನಿಮಿಷ ಕಾಯುವ ಕೆಲಸ ಬಂತು. ಮಳೆ ಹನಿಯುತ್ತಿತ್ತು. ಪ್ಲಾಟ್‌ಫಾರಂನಲ್ಲಿದ್ದ ತಂಗುಕೋಣೆಗೆ ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು. ಲೊರೇನ್ ಅದರ ಬಾಗಿಲಿಗೆ ಅಂಟಿಸಿದ ಮಾಸಿದ ಕಾಗದದ ಹತ್ತಿರ ಹೋಗಿ ಬೆರಳಿಟ್ಟು ಓದಿದಳು. ಓದಿ, ಚೀಲದಿಂದ ಪೆನ್ನು ತೆಗೆದು, ಆರನೇ ಪತ್ರಕ್ಕೆಂದು, ಬೀಗ ಹಾಕಿದ ತಾರೀಖನ್ನು ಅಂಗೈ ಮೇಲೆ ಬರೆದುಕೊಂಡಳು.